ದೂರು ಬಂದರೂ ಸುಮ್ಮನಿದ್ದ ಮುಖ್ಯಶಿಕ್ಷಕರ ಮೇಲೆ ಯಾವ ಕ್ರಮ ಆಗುತ್ತದೆ?

ಪ್ರಶ್ನೆ: ನಮ್ಮೂರ ಸರ್ಕಾರಿ ಪ್ರೌಢಶಾಲೆಯ ಸಹಶಿಕ್ಷಕನೊಬ್ಬ ಮೈಮುಟ್ಟಿ ಕಾಡಿಸುತ್ತಾನೆಂದು ಒಂಬತ್ತನೇ ತರಗತಿಯ ಹುಡುಗಿ ಬರೆದುಕೊಟ್ಟಿದ್ದಳು. ಮುಖ್ಯಶಿಕ್ಷಕರು ಅವನನ್ನು ಕರೆಸಿ ಬೈದು, ಮುಚ್ಚಳಿಕೆ ಬರೆಸಿಕೊಂಡು ಅಲ್ಲಿಗೇ ಮುಗಿಸಿದರು. ಎರಡು ತಿಂಗಳ ಮೇಲೆ ಇನ್ನೊಬ್ಬ ಹುಡುಗಿಗೂ ಹಾಗೇ ಆಯಿತು. ಆಗ ಪೋಷಕರು ಠಾಣೆಗೆ ಹೋದರು, ಶಿಕ್ಷಕನ ಬಂಧನವಾಯಿತು. ಮುಖ್ಯಶಿಕ್ಷಕರ ಮೇಲೂ ಕ್ರಮ ಆಗುತ್ತದೆಯೇ? ಶಿಕ್ಷಕನ ಕೇಸು ಬಿದ್ದುಹೋದರೆ ಇವರೂ ಪಾರಾಗುತ್ತಾರೆಯೇ?

ಉತ್ತರ: ಕ್ರಮ ಆಗಬಹುದು, ಅದೂ ಎರಡು ಕಡೆಯಿಂದ. ಒಂದು ಪೋಕ್ಸೊ ಕಾಯ್ದೆಯಡಿ, ಅಂದರೆ ಲೈಂಗಿಕ ಅಪರಾಧಗಳಿಂದ ಮಕ್ಕಳನ್ನು ರಕ್ಷಿಸುವ ಕಾಯ್ದೆಯಡಿ, ಕ್ರಿಮಿನಲ್ ಕೇಸು. ಇನ್ನೊಂದು ಇಲಾಖಾ ವಿಚಾರಣೆ, ನೌಕರರ ಬಾಯಲ್ಲಿ ‘ಡಿಇ’. ಶಿಕ್ಷಕನ ಕೇಸು ಬಿದ್ದುಹೋದ ಮಾತ್ರಕ್ಕೆ ಮುಖ್ಯಶಿಕ್ಷಕರ ಡಿಇ ತಾನಾಗಿ ಬಿದ್ದುಹೋಗುವುದಿಲ್ಲ, ಏಕೆಂದರೆ ಇಬ್ಬರ ಮೇಲಿರುವ ಆರೋಪ ಒಂದೇ ಅಲ್ಲ. ಶಿಕ್ಷಕನ ಮೇಲಿರುವುದು ಆತ ಏನು ಮಾಡಿದ ಎಂಬುದು. ಮುಖ್ಯಶಿಕ್ಷಕರ ಮೇಲಿರುವುದು ಗೊತ್ತಾದ ಮೇಲೂ ಏನು ಮಾಡಲಿಲ್ಲ ಎಂಬುದು. ಇವೆರಡನ್ನೂ ಕಲಸಿ ಒಂದೇ ಕಡತ ಮಾಡಿದಲ್ಲೆಲ್ಲ ಮುಖ್ಯಶಿಕ್ಷಕರು ಸಲೀಸಾಗಿ ಹೊರಬರುತ್ತಾರೆ.

ಮೊದಲು ಕ್ರಿಮಿನಲ್ ಭಾಗ. ಪೋಕ್ಸೊ ಕಾಯ್ದೆ, 2012ರ 19ನೇ ಕಲಮಿನ ಪ್ರಕಾರ ಮಗುವಿನ ಮೇಲೆ ಲೈಂಗಿಕ ಅಪರಾಧ ನಡೆದಿದೆ ಎಂದು ಗೊತ್ತಾದ, ಅಥವಾ ನಡೆಯಬಹುದೆಂಬ ಆತಂಕವಿರುವ ಯಾರೇ ಆಗಲಿ ವಿಶೇಷ ಬಾಲ ಪೊಲೀಸ್ ಘಟಕಕ್ಕೆ ಇಲ್ಲವೇ ಸ್ಥಳೀಯ ಪೊಲೀಸರಿಗೆ ತಿಳಿಸಲೇಬೇಕು. ತಿಳಿಸದಿದ್ದರೆ 21(1)ರಡಿ ಆರು ತಿಂಗಳವರೆಗೆ ಜೈಲು ಅಥವಾ ದಂಡ ಅಥವಾ ಎರಡೂ. ಸಂಸ್ಥೆಯ ಹೊಣೆ ಹೊತ್ತವರು ತಮ್ಮ ಕೈಕೆಳಗಿನವನ ಅಪರಾಧವನ್ನು ತಿಳಿಸದಿದ್ದರೆ ಇನ್ನೂ ಬಿಗಿ: 21(2)ರಡಿ ಒಂದು ವರ್ಷದವರೆಗೆ ಜೈಲು ಮತ್ತು ದಂಡ. ಮುಖ್ಯಶಿಕ್ಷಕರು ಬರುವುದು ಈ ಎರಡನೆಯದರಲ್ಲಿ. ಮಹಾರಾಷ್ಟ್ರದ ಶಾಲಾ ಹಾಸ್ಟೆಲೊಂದರ ಪ್ರಕರಣದಲ್ಲಿ, ವಿಷಯ ತಿಳಿದೂ ಪೊಲೀಸರಿಗೆ ಹೇಳಲಿಲ್ಲ ಎನ್ನಲಾದ ವೈದ್ಯರ ಮೇಲಿನ ಎಫ್‌ಐಆರನ್ನು ಹೈಕೋರ್ಟ್ ರದ್ದು ಮಾಡಿತ್ತು. 2022ರ ನವೆಂಬರಿನಲ್ಲಿ ಸುಪ್ರೀಂ ಕೋರ್ಟ್ ಆ ಆದೇಶವನ್ನು ತಳ್ಳಿಹಾಕಿತು. ಗೊತ್ತಿದ್ದೂ ತಿಳಿಸದಿರುವುದು ಗಂಭೀರ ಅಪರಾಧ, ಹೆಚ್ಚಿನ ಸಂದರ್ಭಗಳಲ್ಲಿ ಅದು ಅಪರಾಧಿಯನ್ನು ಕಾಪಾಡುವ ಯತ್ನವೇ ಎಂಬುದು ಆ ತೀರ್ಪಿನ ಸಾರ.

ಇಲ್ಲಿ ಮುಖ್ಯಶಿಕ್ಷಕರು ಸಾಮಾನ್ಯವಾಗಿ ಹೇಳುವ ಸಮರ್ಥನೆ ಒಂದಿದೆ: ‘ಮೊದಲು ನಿಜವೋ ಸುಳ್ಳೋ ನೋಡೋಣ ಅಂತ ಒಳಗೇ ವಿಚಾರಿಸುತ್ತಿದ್ದೆ.’ ಕಾನೂನು ಅವರನ್ನು ವಿಚಾರಿಸಲು ಕೇಳಿಯೇ ಇಲ್ಲ. ನಿಜ-ಸುಳ್ಳು ನೋಡುವುದು ಪೊಲೀಸರ ಕೆಲಸ. ಒಳ್ಳೆಯ ನಂಬಿಕೆಯಿಂದ ಮಾಹಿತಿ ಕೊಟ್ಟವರ ಮೇಲೆ ಯಾವ ಹೊಣೆಯೂ ಬರುವುದಿಲ್ಲ ಎಂದು 19(7) ಹೇಳುತ್ತದೆ. ಹಾಗಾಗಿ ‘ದೂರು ಸುಳ್ಳಾಗಿದ್ದರೆ ನನ್ನ ಗತಿ?’ ಎಂಬ ಭಯಕ್ಕೂ ಕಾರಣವಿಲ್ಲ. ಬಿಇಒ (ಕ್ಷೇತ್ರ ಶಿಕ್ಷಣಾಧಿಕಾರಿ) ಸಾಹೇಬರಿಗೆ ಫೋನ್ ಮಾಡಿದ್ದೆ, ಎಸ್‌ಡಿಎಂಸಿ (ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ) ಅಧ್ಯಕ್ಷರಿಗೆ ಹೇಳಿದ್ದೆ ಎಂಬುದೂ ಸಾಲದು. ಕಲಮಿನಲ್ಲಿರುವ ಹೆಸರು ಪೊಲೀಸರದು. ಮಕ್ಕಳ ಸಹಾಯವಾಣಿ 1098ಕ್ಕೆ ಕರೆ ಮಾಡಿದರೆ ಮಗುವಿಗೆ ಬೇಗ ನೆರವು ಸಿಗುತ್ತದೆ, ಮಾಡಬೇಕು. ಆದರೆ ಠಾಣೆಗೆ ಹೋಗುವುದು ಅದರಿಂದ ತಪ್ಪುವುದಿಲ್ಲ. ಪ್ರತಿ ಮಾಹಿತಿಗೂ ಠಾಣೆಯಲ್ಲಿ ನಮೂದು ಸಂಖ್ಯೆ ಹಾಕಿ, ಬರೆದುಕೊಂಡು, ಓದಿ ಹೇಳಬೇಕೆಂದು 19(2)ರಲ್ಲೇ ಇದೆ. ಆ ಸಂಖ್ಯೆ ಕೇಳಿ ಬರೆದಿಟ್ಟುಕೊಂಡ ಮುಖ್ಯಶಿಕ್ಷಕರಿಗೆ ಆಮೇಲೆ ಅದೇ ರಕ್ಷೆ. ಇನ್ನು 24 ಗಂಟೆಯ ಮಾತು: ಅದು ಪೊಲೀಸರು ಮಕ್ಕಳ ಕಲ್ಯಾಣ ಸಮಿತಿಗೂ ವಿಶೇಷ ನ್ಯಾಯಾಲಯಕ್ಕೂ ವರದಿ ಮಾಡುವ ಗಡುವು. ‘ನನಗೆ ಒಂದು ದಿನ ಸಮಯ ಇತ್ತು’ ಎಂದು ಅದನ್ನು ತಮ್ಮದನ್ನಾಗಿ ಓದಿಕೊಳ್ಳುವ ಮುಖ್ಯಶಿಕ್ಷಕರಿದ್ದಾರೆ.

ಈಗ ಇಲಾಖಾ ವಿಚಾರಣೆ. ಸರ್ಕಾರಿ ಶಾಲೆಯವರಿಗೆ ಇದು ನಡೆಯುವುದು ಕರ್ನಾಟಕ ನಾಗರಿಕ ಸೇವಾ (ವರ್ಗೀಕರಣ, ನಿಯಂತ್ರಣ ಮತ್ತು ಮೇಲ್ಮನವಿ) ನಿಯಮಗಳು, 1957ರ ಕೆಳಗೆ. ಕಚೇರಿಗಳಲ್ಲಿ ಎಲ್ಲರೂ ಸಿಸಿಎ ರೂಲ್ಸ್ ಎನ್ನುತ್ತಾರೆ. ಸಾಮಾನ್ಯವಾಗಿ ಮೊದಲು ಬಿಇಒ ಶಾಲೆಗೆ ಬಂದು ಪ್ರಾಥಮಿಕ ವಿಚಾರಣೆ ಮಾಡಿ ಜಿಲ್ಲೆಯ ಶಿಕ್ಷಣ ಉಪನಿರ್ದೇಶಕರಾದ ಡಿಡಿಪಿಐಗೆ ವರದಿ ಕಳಿಸುತ್ತಾರೆ. ಅದರ ಮೇಲೆ 10ನೇ ನಿಯಮದಡಿ ಅಮಾನತು ಆಗಬಹುದು. ಅಮಾನತು ಶಿಕ್ಷೆಯಲ್ಲ. ಜೀವನಾಧಾರ ಭತ್ಯೆ ಸಿಗುತ್ತಲೇ ಇರುತ್ತದೆ. ಊರವರು ‘ಸಸ್ಪೆಂಡ್ ಆದರು, ನ್ಯಾಯ ಸಿಕ್ಕಿತು’ ಎಂದು ಸುಮ್ಮನಾಗುವುದು ಇದೇ ಹಂತದಲ್ಲಿ, ಕಡತ ನಿದ್ದೆ ಹೋಗುವುದೂ ಇದೇ ಹಂತದಲ್ಲಿ. ಅಮಾನತು ಮಾಡಿ ಮೂರು ತಿಂಗಳೊಳಗೆ ಆರೋಪ ಪಟ್ಟಿ ಕೊಡದಿದ್ದರೆ ಅಮಾನತನ್ನು ಎಳೆದಾಡುವಂತಿಲ್ಲ ಎಂದು ಸುಪ್ರೀಂ ಕೋರ್ಟ್ 2015ರಲ್ಲಿ ಅಜಯ್ ಕುಮಾರ್ ಚೌಧರಿ ಪ್ರಕರಣದಲ್ಲಿ ಹೇಳಿದೆ. ಆ ತೀರ್ಪನ್ನು ಹಿಡಿದು ವಾಪಸು ಬಂದು ಅದೇ ಕುರ್ಚಿಯಲ್ಲಿ ಕೂರಲು ದಾರಿ ಮಾಡಿಕೊಡುವುದು ಇಲಾಖೆಯ ವಿಳಂಬ.

ಅಮಾನತಿನ ನಂತರ ಬರುವ ಆರೋಪ ಪಟ್ಟಿಯ ಮೇಲೆ ಇಡೀ ಪ್ರಕರಣ ನಿಂತಿರುತ್ತದೆ. 11ನೇ ನಿಯಮದಡಿ ಕೊಡುವ ಪಟ್ಟಿಯಲ್ಲಿ ಆರೋಪದ ಅಂಶಗಳು, ಅವುಗಳ ವಿವರಣೆ, ಸಾಕ್ಷಿಗಳ ಪಟ್ಟಿ, ದಾಖಲೆಗಳ ಪಟ್ಟಿ ಇರಬೇಕು. ಇದನ್ನು ಬರೆಯುವ ಗುಮಾಸ್ತರು ಹಳೆಯ ಕಡತ ನೋಡಿ ಇಳಿಸುವುದು ಹೀಗೆ: ‘ಸದರಿಯವರು ಕರ್ತವ್ಯದಲ್ಲಿ ನಿರ್ಲಕ್ಷ್ಯ ತೋರಿ ಸರ್ಕಾರಿ ನೌಕರರಿಗೆ ತರವಲ್ಲದ ರೀತಿಯಲ್ಲಿ ವರ್ತಿಸಿರುತ್ತಾರೆ.’ ಇದು ಗಾಳಿಯಲ್ಲಿ ಗುದ್ದಿದ ಹಾಗೆ. ಯಾವ ನಿರ್ಲಕ್ಷ್ಯ, ಯಾವತ್ತು, ಯಾವ ಕರ್ತವ್ಯ ಒಂದೂ ಇಲ್ಲ. ನಿಲ್ಲುವ ಆರೋಪ ಹೀಗಿರುತ್ತದೆ: ‘ಇಂಥ ದಿನಾಂಕದಂದು ವಿದ್ಯಾರ್ಥಿನಿ-1 ನೀಡಿದ ಲಿಖಿತ ದೂರನ್ನು ಸ್ವೀಕರಿಸಿ, ಅದೇ ದಿನ ಸಹಶಿಕ್ಷಕರಿಂದ ಮುಚ್ಚಳಿಕೆ ಬರೆಸಿಕೊಂಡು, ಪೋಕ್ಸೊ ಕಾಯ್ದೆಯ 19ನೇ ಕಲಮಿನಂತೆ ಪೊಲೀಸರಿಗೆ ತಿಳಿಸದೆ, ಇಂಥ ದಿನಾಂಕದವರೆಗೂ ಅದೇ ಶಿಕ್ಷಕರನ್ನು ಅದೇ ತರಗತಿಗೆ ಬೋಧಿಸಲು ಬಿಟ್ಟಿರುತ್ತೀರಿ.’ ಒಂದೊಂದು ಲೋಪಕ್ಕೂ ಒಂದೊಂದು ಅಂಶ. ಪೊಲೀಸರಿಗೆ ಹೇಳದ್ದು ಒಂದು, ಶಿಕ್ಷಕನನ್ನು ಮಕ್ಕಳಿಂದ ದೂರ ಇಡದ್ದು ಇನ್ನೊಂದು, ಪೋಷಕರಿಗೆ ತಿಳಿಸದ್ದು ಮತ್ತೊಂದು. ಒಂದು ಬಿದ್ದರೂ ಉಳಿದವು ನಿಲ್ಲುತ್ತವೆ. ಮಗುವಿನ ಹೆಸರು ಮಾತ್ರ ಎಲ್ಲಿಯೂ ಬರಬಾರದು. ಗುರುತು ಬೇಕಾದರೆ ಮುಚ್ಚಿದ ಲಕೋಟೆಯಲ್ಲಿಡಬಹುದು.

ನಿಮ್ಮ ಪ್ರಕರಣದಲ್ಲಿ ಆ ಮುಚ್ಚಳಿಕೆ ಕಾಗದವನ್ನು ಗಮನಿಸಿ. ತಾನು ಕ್ರಮ ಕೈಗೊಂಡೆ ಎನ್ನಲು ಮುಖ್ಯಶಿಕ್ಷಕರು ಅದನ್ನು ಜೋಪಾನವಾಗಿ ಇಟ್ಟಿರುತ್ತಾರೆ. ಕೆಳಗೆ ಶಿಕ್ಷಕನ ಸಹಿ, ಬದಿಯಲ್ಲಿ ‘ತಿಳಿವಳಿಕೆ ನೀಡಲಾಗಿದೆ’ ಎಂಬ ಷರಾ, ಮುಖ್ಯಶಿಕ್ಷಕರ ಸಹಿ, ಶಾಲೆಯ ಮೊಹರು, ದಿನಾಂಕ. ಅವರಿಗೆ ವಿಷಯ ಗೊತ್ತಿತ್ತು, ಯಾವತ್ತು ಗೊತ್ತಾಯಿತು, ಅದು ಮುಚ್ಚಳಿಕೆ ಬರೆಸುವಷ್ಟು ಗಂಭೀರ ಅನ್ನಿಸಿತ್ತು ಎಂಬ ಮೂರನ್ನೂ ಆ ಒಂದೇ ಹಾಳೆ ಸಾಬೀತು ಮಾಡುತ್ತದೆ. ಇಲಾಖೆಗೆ ಇದಕ್ಕಿಂತ ಒಳ್ಳೆಯ ಸಾಕ್ಷ್ಯ ಬೇಕಿಲ್ಲ. ಇದರ ಜತೆಗೆ ಆವಕ ವಹಿ, ದೂರು ಪೆಟ್ಟಿಗೆ ತೆರೆದ ದಾಖಲೆ, ಎಸ್‌ಡಿಎಂಸಿ ನಡಾವಳಿ ಪುಸ್ತಕ, ವೇಳಾಪಟ್ಟಿ, ಶಿಕ್ಷಕರ ಹಾಜರಿ ಪುಸ್ತಕ ಇವನ್ನು ಬಿಇಒ ಮೊದಲ ದಿನವೇ ಮಹಜರು ಮಾಡಿ ವಶಕ್ಕೆ ಪಡೆಯಬೇಕು. ಒಂದು ವಾರ ಬಿಟ್ಟರೆ ನಡಾವಳಿ ಪುಸ್ತಕದಲ್ಲಿ ಹೊಸ ಶಾಯಿಯ ಸಾಲುಗಳು ಹುಟ್ಟಿಕೊಳ್ಳಬಹುದು.

ಆರೋಪ ಪಟ್ಟಿಗೆ ಲಿಖಿತ ಉತ್ತರ ಬಂದ ಮೇಲೆ ವಿಚಾರಣಾಧಿಕಾರಿ ಮತ್ತು ಇಲಾಖೆಯ ಪರ ವಾದಿಸುವ ಮಂಡನಾಧಿಕಾರಿಯ ನೇಮಕ. ಪ್ರಾಥಮಿಕ ವಿಚಾರಣೆ ಮಾಡಿದ ಬಿಇಒ ಇಲ್ಲಿ ಸಾಕ್ಷಿಯಾಗಿ ಬರಬೇಕಾದವರು, ಅವರನ್ನೇ ವಿಚಾರಣಾಧಿಕಾರಿ ಮಾಡಿದರೆ ಪಕ್ಷಪಾತದ ವಾದಕ್ಕೆ ಬಾಗಿಲು ತೆರೆದ ಹಾಗೆ. ಇನ್ನೊಂದು ತಪ್ಪು ಬಹಳ ಸಾಮಾನ್ಯ: ಪ್ರಾಥಮಿಕ ವಿಚಾರಣೆಯಲ್ಲಿ ಬರೆದುಕೊಂಡ ಹೇಳಿಕೆಗಳನ್ನೇ ಸಾಕ್ಷ್ಯವೆಂದು ಲಗತ್ತಿಸಿ ವರದಿ ಬರೆದುಬಿಡುವುದು. ಹೇಳಿದವರನ್ನು ಕರೆಸಿ, ಆಪಾದಿತ ನೌಕರರಿಗೆ ಪಾಟಿ ಸವಾಲಿಗೆ ಅವಕಾಶ ಕೊಡದಿದ್ದರೆ ಆ ಹೇಳಿಕೆಗೆ ಬೆಲೆಯಿಲ್ಲ.

ಹಾಗಾದರೆ ಹುಡುಗಿ ಮತ್ತೊಮ್ಮೆ ಬಂದು ಎಲ್ಲರ ಮುಂದೆ ಹೇಳಬೇಕೇ? ಮುಖ್ಯಶಿಕ್ಷಕರ ವಿಚಾರಣೆಯಲ್ಲಿ ಹೆಚ್ಚಿನ ಸಲ ಬೇಕಾಗುವುದಿಲ್ಲ. ಸಾಬೀತಾಗಬೇಕಾದದ್ದು ದೂರು ತಲುಪಿತು, ಠಾಣೆಗೆ ಹೋಗಲಿಲ್ಲ ಎಂಬ ಎರಡೇ ಸಂಗತಿ. ಮೊದಲನೆಯದಕ್ಕೆ ಕಾಗದವೂ ಅದನ್ನು ಒಳಗೆ ಕೊಂಡೊಯ್ದ ಶಿಕ್ಷಕಿಯೋ ಪೋಷಕರೋ ಸಾಕು. ಎರಡನೆಯದಕ್ಕೆ ಠಾಣಾಧಿಕಾರಿಯ ಪತ್ರ ಸಾಕು. ಮಗುವನ್ನು ಕರೆಸಲೇಬೇಕೆಂದು ಪಟ್ಟು ಹಿಡಿಯುವ ವಕಾಲತ್ತು ಬಂದರೆ ಮಂಡನಾಧಿಕಾರಿ ಹೇಳಬೇಕಾದದ್ದೂ ಇದನ್ನೇ.

ಸಾಕ್ಷ್ಯದ ಅಳತೆಗೋಲೂ ಬೇರೆ. ಕ್ರಿಮಿನಲ್ ಕೋರ್ಟಿನಲ್ಲಿ ಸಂಶಯಕ್ಕೆ ಎಡೆಯಿಲ್ಲದ ಹಾಗೆ ಸಾಬೀತಾಗಬೇಕು. ಇಲಾಖಾ ವಿಚಾರಣೆಯಲ್ಲಿ ಸಂಭಾವ್ಯತೆ ಯಾವ ಕಡೆ ವಾಲುತ್ತದೆ ಎಂದು ತೂಗಿದರೆ ಸಾಕು. ಎರಡೂ ಒಟ್ಟಿಗೆ ನಡೆಯಬಹುದೇ ಎಂಬ ಪ್ರಶ್ನೆಗೆ ದೇಶವೆಲ್ಲ ಉಲ್ಲೇಖಿಸುವ ತೀರ್ಪು ಬಂದದ್ದು ನಮ್ಮ ಕೆಜಿಎಫ್‌ನಿಂದಲೇ. ಭಾರತ್ ಗೋಲ್ಡ್ ಮೈನ್ಸ್‌ನ ಭದ್ರತಾ ಅಧಿಕಾರಿ ಕ್ಯಾಪ್ಟನ್ ಪಾಲ್ ಆಂಥೊನಿ ಅವರ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 1999ರಲ್ಲಿ, ಎರಡೂ ಏಕಕಾಲಕ್ಕೆ ನಡೆಯಲು ಅಡ್ಡಿಯಿಲ್ಲ, ಆದರೆ ಎರಡಕ್ಕೂ ಸಂಗತಿಗಳು ಒಂದೇ ಆಗಿದ್ದು ಆರೋಪ ಗಂಭೀರವೂ ಜಟಿಲವೂ ಆಗಿದ್ದರೆ ಇಲಾಖಾ ವಿಚಾರಣೆಯನ್ನು ತಡೆಹಿಡಿಯುವುದು ಒಳಿತು ಎಂದಿತು. ಅಲ್ಲಿ ಎರಡು ಕಡೆಯೂ ಅವರ ಮನೆಯ ಮೇಲೆ ಪೊಲೀಸರು ನಡೆಸಿದ ಅದೇ ದಾಳಿ, ಅದೇ ಸಾಕ್ಷಿಗಳು. ಕೋರ್ಟು ಖುಲಾಸೆ ಮಾಡಿದ ಮೇಲೆ ವಜಾ ಆದೇಶವೂ ಉಳಿಯಲಿಲ್ಲ. ಮುಖ್ಯಶಿಕ್ಷಕರ ವಕೀಲರು ಈ ತೀರ್ಪನ್ನು ಹಿಡಿದು ಬರುತ್ತಾರೆ. ಉತ್ತರ ಅದರಲ್ಲೇ ಇದೆ: ಇಲ್ಲಿ ಸಂಗತಿಗಳು ಒಂದೇ ಅಲ್ಲ. ಸಹಶಿಕ್ಷಕ ಖುಲಾಸೆಯಾದರೂ ದೂರು ಮೇಜಿನ ಮೇಲಿತ್ತು, ಫೋನ್ ಎತ್ತಲಿಲ್ಲ ಎಂಬುದು ಅಳಿಸಿಹೋಗುವುದಿಲ್ಲ.

ವಿಚಾರಣಾಧಿಕಾರಿಯ ವರದಿ ಬಂದ ಕೂಡಲೇ ಶಿಕ್ಷೆ ಕೊಡುವಂತಿಲ್ಲ. ವರದಿಯ ಪ್ರತಿಯನ್ನು ನೌಕರರಿಗೆ ಕೊಟ್ಟು ಅಹವಾಲು ಕೇಳಬೇಕೆಂಬುದು ಸುಪ್ರೀಂ ಕೋರ್ಟಿನ 1993ರ ಕರುಣಾಕರ್ ತೀರ್ಪಿನಿಂದ ಗಟ್ಟಿಯಾದ ನಿಯಮ. ವಿಚಾರಣಾಧಿಕಾರಿ ‘ಆರೋಪ ರುಜುವಾತಾಗಿಲ್ಲ’ ಎಂದು ಬರೆದರೂ ಶಿಸ್ತು ಪ್ರಾಧಿಕಾರ, ಅಂದರೆ ಶಿಕ್ಷೆ ಕೊಡುವ ಅಧಿಕಾರವಿರುವವರು, ಒಪ್ಪಲೇಬೇಕೆಂದಿಲ್ಲ. ಆದರೆ ಯಾಕೆ ಒಪ್ಪುವುದಿಲ್ಲ ಎಂಬ ಕಾರಣಗಳನ್ನು ಮೊದಲೇ ತಿಳಿಸಿ ಉತ್ತರ ಕೇಳಬೇಕು.

ಶಿಕ್ಷೆಗಳು 8ನೇ ನಿಯಮದಲ್ಲಿವೆ. ಕೆಳಗಿನ ತುದಿಯಲ್ಲಿ ವಾಗ್ದಂಡನೆ, ವೇತನ ಬಡ್ತಿ ತಡೆ. ಮೇಲಿನ ತುದಿಯಲ್ಲಿ ಹಿಂಬಡ್ತಿ, ಕಡ್ಡಾಯ ನಿವೃತ್ತಿ, ಸೇವೆಯಿಂದ ತೆಗೆದುಹಾಕುವುದು, ವಜಾ. ಕೊನೆಯ ಎರಡು ಒಂದೇ ಅಲ್ಲ: ತೆಗೆದುಹಾಕಿದರೆ ಮುಂದೆ ಸರ್ಕಾರಿ ಕೆಲಸಕ್ಕೆ ಅನರ್ಹರಾಗುವುದಿಲ್ಲ, ವಜಾ ಆದರೆ ಸಾಮಾನ್ಯವಾಗಿ ಆಗುತ್ತಾರೆ. ಇಲ್ಲಿ ಗಮನಿಸಬೇಕಾದ ಚಾಲಾಕಿತನವೊಂದಿದೆ. 12ನೇ ನಿಯಮ ಲಘು ಶಿಕ್ಷೆಗಳಿಗೆ, ಅದರ ವಿಧಾನ ಚಿಕ್ಕದು. ಕಡತವನ್ನು 11ರ ಬದಲು 12ರಡಿ ತೆರೆದರೆ ಕೊನೆಗೆ ವಜಾ ಮಾಡುವ ಅವಕಾಶವೇ ಇರುವುದಿಲ್ಲ, ಒಂದು ಇನ್‌ಕ್ರಿಮೆಂಟ್ ಕಡಿದು ಮುಗಿಸುತ್ತಾರೆ. ನೋಟಿಸಿನ ತಲೆಬರಹದಲ್ಲಿ ಯಾವ ನಿಯಮ ನಮೂದಾಗಿದೆ ಎಂಬುದರಲ್ಲೇ ಇಲಾಖೆಯ ಮನಸ್ಸು ಕಾಣುತ್ತದೆ. ಜತೆಗೆ ಸಂವಿಧಾನದ 311ನೇ ವಿಧಿಯ ಪ್ರಕಾರ ನೇಮಕಾತಿ ಮಾಡಿದ ಪ್ರಾಧಿಕಾರಕ್ಕಿಂತ ಕೆಳಗಿನವರು ವಜಾ ಮಾಡುವಂತಿಲ್ಲ. ಸಿಟ್ಟಿನಲ್ಲಿ ಕೆಳಗಿನ ಅಧಿಕಾರಿ ಸಹಿ ಹಾಕಿದ ಆದೇಶ ಕೆಎಟಿಯಲ್ಲಿ (ಕರ್ನಾಟಕ ಆಡಳಿತ ನ್ಯಾಯಮಂಡಳಿ) ಉಳಿಯುವುದಿಲ್ಲ.

ಖಾಸಗಿ ಶಾಲೆಯಾಗಿದ್ದರೆ ದಾರಿ ಬೇರೆ. ಅಲ್ಲಿ ಕರ್ನಾಟಕ ಶಿಕ್ಷಣ ಕಾಯ್ದೆ, 1983ರ 92ನೇ ಕಲಮಿನಂತೆ ಆಡಳಿತ ಮಂಡಳಿಯೇ ವಿಚಾರಣೆ ನಡೆಸಬೇಕು, 94ರಡಿ ಶೈಕ್ಷಣಿಕ ಮೇಲ್ಮನವಿ ನ್ಯಾಯಮಂಡಳಿಗೆ ಹೋಗಬಹುದು. ಆಡಳಿತ ಮಂಡಳಿಯವರು ‘ಎಲ್ಲ ಪ್ರಿನ್ಸಿಪಾಲರ ತಪ್ಪು’ ಎಂದು ಕೈತೊಳೆದುಕೊಂಡರೂ 21(2)ರ ‘ಸಂಸ್ಥೆಯ ಹೊಣೆ ಹೊತ್ತವರು’ ಎಂಬ ಮಾತು ಅವರನ್ನೂ ಹಿಡಿಯಬಹುದು.

ಪೋಷಕರು ಈ ವಿಚಾರಣೆಯಲ್ಲಿ ಕಕ್ಷಿದಾರರಲ್ಲ, ಸಾಕ್ಷಿಗಳು ಮಾತ್ರ. ಹಾಗಾಗಿ ಕೇಳದಿದ್ದರೆ ಯಾರೂ ಏನೂ ಹೇಳುವುದಿಲ್ಲ. ಡಿಡಿಪಿಐಗೆ ಲಿಖಿತ ದೂರು ಕೊಟ್ಟು ಸ್ವೀಕೃತಿ ಪಡೆಯಿರಿ, ಪ್ರತಿಯನ್ನು ಮಕ್ಕಳ ಕಲ್ಯಾಣ ಸಮಿತಿಗೂ ರಾಜ್ಯ ಮಕ್ಕಳ ಹಕ್ಕುಗಳ ರಕ್ಷಣಾ ಆಯೋಗಕ್ಕೂ ಕಳಿಸಿ. ದೂರಿನಲ್ಲಿ ಕೋಪಕ್ಕಿಂತ ದಿನಾಂಕಗಳಿರಲಿ: ಮೊದಲ ದೂರು ಯಾವತ್ತು, ಯಾರ ಕೈಗೆ, ಮುಚ್ಚಳಿಕೆ ಯಾವತ್ತು, ಎರಡನೇ ಘಟನೆ ಯಾವತ್ತು. ಠಾಣೆಯಲ್ಲಿ ಶಿಕ್ಷಕನ ಜತೆ 21ನೇ ಕಲಮನ್ನೂ ಸೇರಿಸಿದ್ದಾರೆಯೇ ಎಂದು ಎಫ್‌ಐಆರ್ ಪ್ರತಿಯಲ್ಲಿ ನೋಡಿ. ಇಲ್ಲದಿದ್ದರೆ ತನಿಖಾಧಿಕಾರಿಗೆ ಬರೆದುಕೊಡಿ.

ಮುಖ್ಯಶಿಕ್ಷಕರ ನಿವೃತ್ತಿ ಯಾವಾಗ ಎಂದು ಈಗಲೇ ವಿಚಾರಿಸಿಕೊಳ್ಳಿ. ಸೇವೆಯಲ್ಲಿರುವಾಗಲೇ ಆರೋಪ ಪಟ್ಟಿ ಕೈಸೇರಿದ್ದರೆ ನಿವೃತ್ತಿಯಾದ ಮೇಲೂ ವಿಚಾರಣೆ ಮುಂದುವರಿದು, ಕರ್ನಾಟಕ ನಾಗರಿಕ ಸೇವಾ ನಿಯಮಗಳ 214ನೇ ನಿಯಮದಡಿ ಪಿಂಚಣಿಗೆ ಕೈಹಾಕಬಹುದು. ನಿವೃತ್ತಿಯ ನಂತರ ಹೊಸದಾಗಿ ಶುರು ಮಾಡಬೇಕಾದರೆ ಸರ್ಕಾರದ ಮಂಜೂರಾತಿ ಬೇಕು, ಘಟನೆ ನಾಲ್ಕು ವರ್ಷಕ್ಕಿಂತ ಹಳೆಯದಾಗಿರಬಾರದು. ನಿಮ್ಮ ಪ್ರಕರಣದಲ್ಲಿ ಆ ನಾಲ್ಕು ವರ್ಷದ ಎಣಿಕೆಗೆ ಇಲಾಖೆ ಹಿಡಿಯಬಹುದಾದ ದಿನ ಶಿಕ್ಷಕನ ಬಂಧನದ್ದಲ್ಲ, ಆ ಮುಚ್ಚಳಿಕೆಯ ಮೇಲಿರುವ ದಿನಾಂಕ.