ಕೆಂಪಾಗಿದೆ ಸಾರ್, ಕೀಳ್ಲಾ?

ಕೊಯ್ಲಿಗೆ ಇನ್ನೂ ಒಂದು ತಿಂಗಳಿದೆ ಅನ್ನುವಾಗಲೇ ನನ್ನ ಫೋನಿಗೆ ಸೇಬಿನ ಫೋಟೊಗಳು ಬರಲು ಶುರುವಾಗುತ್ತವೆ. ಎಲ್ಲವೂ ಒಂದೇ ಥರ. ರೆಂಬೆಯ ತುದಿಯಲ್ಲಿ, ಬಿಸಿಲಿಗೆ ಮುಖ ಕೊಟ್ಟು ತೂಗುತ್ತಿರುವ ಕುಂಕುಮದ ಬಣ್ಣದ ಕಾಯಿ. ಕೆಳಗೆ ಒಂದು ಸಾಲು: “ಕೆಂಪಾಗಿದೆ ಸಾರ್, ಕೀಳ್ಲಾ?”

ನನ್ನ ಉತ್ತರವೂ ಪ್ರತಿ ವರ್ಷ ಒಂದೇ: “ಹಿಂಭಾಗದ ಫೋಟೊ ಕಳಿಸಿ.” ಹೆಚ್ಚಿನವರು ಕಳಿಸುವುದಿಲ್ಲ. ಇಷ್ಟು ಚೆಂದದ ಮುಖ ತೋರಿಸಿದರೆ ಈತ ಬೆನ್ನು ಕೇಳುತ್ತಾನಲ್ಲ ಅಂತ ಕೆಲವರಿಗೆ ಸಿಟ್ಟೂ ಬರುತ್ತದೆ. ಆದ್ದರಿಂದ ಈ ಸಲ ಇದನ್ನೇ ಉದ್ದಕ್ಕೆ ಬರೆಯುತ್ತಿದ್ದೇನೆ. ಗೊಬ್ಬರ, ಔಷಧ, ರೆಂಬೆ ಸವರುವುದು ಎಲ್ಲ ನಿಮಗೆ ಗೊತ್ತೇ ಇದೆ, ಅದರ ಸುದ್ದಿಗೆ ಹೋಗುವುದಿಲ್ಲ.

ಸೇಬಿನ ಕೆಂಪು ಬಿಸಿಲಿನ ಕೆಲಸ. ಸಿಪ್ಪೆಯಲ್ಲಿ ಆಂಥೋಸಯನಿನ್ ಅನ್ನುವ ಬಣ್ಣ ಕಟ್ಟಬೇಕಾದರೆ ಬೆಳಕು ಬೀಳಬೇಕು, ರಾತ್ರಿ ತಂಪಿರಬೇಕು. ಎರಡೂ ಕೂಡಿಬಂದರೆ ಒಳಗೆ ಸಕ್ಕರೆಯಾಗದ ಪಿಷ್ಟವೇ ತುಂಬಿರುವ ಬಲಿಯದ ಕಾಯಿಯೂ ಕೆಂಪೇರುತ್ತದೆ. ಸೆಖೆಯ ವರ್ಷದಲ್ಲಿ ಒಳಗೆ ಹಣ್ಣಾಗಿ ಮೆತ್ತಗಾದದ್ದೂ ಮೇಲೆ ಮಂಕಾಗಿಯೇ ಇರುತ್ತದೆ. ರೆಡ್ ಡಿಲಿಷಿಯಸ್ ಜಾತಿಯ ಗಾಢ ಬಣ್ಣದ ತಳಿಗಳನ್ನಂತೂ ಬಣ್ಣಕ್ಕಾಗಿಯೇ ಆರಿಸಿ ಆರಿಸಿ ಬೆಳೆಸಿದ್ದು. ಬಲಿಯುವುದಕ್ಕೆ ವಾರಗಳ ಮುಂಚೆಯೇ ಅವು ಕೆಂಪಾಗಿ ಕೂತಿರುತ್ತವೆ. ಗ್ರಾನಿ ಸ್ಮಿತ್ ಹಸಿರಾಗಿದ್ದೇ ಕೊಯ್ಲಿಗೆ ಬರುತ್ತದೆ. ಕೆಂಪೇ ಅಳತೆಗೋಲಾದರೆ ಅದನ್ನು ಯಾವಾಗ ಕೀಳುತ್ತೀರಿ?

ನೋಡಬೇಕಾದದ್ದು ಕೆಂಪಿನ ಅಡಿಯಲ್ಲಿರುವ ಬಣ್ಣವನ್ನು. ಎಲೆಯ ಮರೆಯಲ್ಲಿದ್ದು ಕೆಂಪು ಹತ್ತದ ಒಂದು ಜಾಗ ಕಾಯಿಯ ಮೇಲೆ ಸಾಮಾನ್ಯವಾಗಿ ಇದ್ದೇ ಇರುತ್ತದೆ. ಅಲ್ಲಿ ಎಲೆಯಷ್ಟೇ ಹಸಿರಿದ್ದರೆ ಅದು ಕಾಯಿ, ಸುಮ್ಮನೆ ಮನೆಗೆ ಹೋಗಿ. ಹಸಿರು ತಿಳಿಯಾಗಿ ಬಿಳಿಚಿಕೊಂಡು ಹಳದಿಯ ಕಡೆಗೆ ವಾಲುತ್ತಿದ್ದರೆ ದಿನ ಹತ್ತಿರ ಬಂತು. ಪೂರಾ ಹಳದಿಯಾಗಿದ್ದರೆ ತಿಂಗಳುಗಟ್ಟಲೆ ಇಡುವ ಮಾತು ಬಿಡಿ. ಸಾರಜನಕ ಹೆಚ್ಚಾದ ತೋಟದಲ್ಲಿ ಈ ಹಸಿರೂ ಹಟ ಹಿಡಿದು ಕೂರುತ್ತದೆ, ಹಾಗಾಗಿ ಇದೊಂದನ್ನೇ ನಂಬಿ ಅಂತ ನಾನು ಹೇಳುವುದಿಲ್ಲ. ಬೀಜ ಕಂದಾಗಿದೆ ಅನ್ನುವವರಿಗೂ ಅದೇ ಮಾತು. ಬೀಜ ಬೆಳ್ಳಗಿದ್ದರೆ ಕೀಳಬಾರದು ಎಂಬುದು ಸರಿ, ಆದರೆ ತಡವಾಗಿ ಬಲಿಯುವ ಜಾತಿಗಳಲ್ಲಿ ಬೀಜ ಎಷ್ಟೋ ಮೊದಲೇ ಕಂದಾಗಿರುತ್ತದೆ. ಕೆಳಗೆ ಉದುರಿದ ನಾಲ್ಕು ಕಾಯಿಯನ್ನಂತೂ ಲೆಕ್ಕಕ್ಕೇ ಹಿಡಿಯಬೇಡಿ. ಒಡೆದು ನೋಡಿ, ಎಷ್ಟೋ ಸಲ ಒಳಗೆ ಹುಳ ಇರುತ್ತದೆ. ಹುಳ ಹೊಕ್ಕ ಕಾಯಿ ಬೇಗ ಹಣ್ಣಾಗಿ ಬೇಗ ಬೀಳುತ್ತದೆ.

ನಮ್ಮ ಭಾಷೆಯಲ್ಲಿ ಇದಕ್ಕೆಲ್ಲ ಬೇರೆ ಬೇರೆ ಹೆಸರಿದೆ: ಹೀಚು, ಕಾಯಿ, ದೋರೆಗಾಯಿ, ಹಣ್ಣು, ಕಳಿತ ಹಣ್ಣು. ಹೆಸರಿದ್ದೂ ಜನ ಬಲಿಯುವುದನ್ನೂ ಹಣ್ಣಾಗುವುದನ್ನೂ ಒಂದೇ ಮಾಡಿಬಿಡುತ್ತಾರೆ. ಬಲಿಯುವುದು ಮರದ ಮೇಲೆ ಮಾತ್ರ. ಹಣ್ಣಾಗುವುದು ಬುಟ್ಟಿಯಲ್ಲೂ ಆಗುತ್ತದೆ, ಏಕೆಂದರೆ ಸೇಬು ಕಿತ್ತ ಮೇಲೂ ಎಥಿಲೀನ್ ಅನಿಲ ಬಿಡುತ್ತಾ ತನ್ನನ್ನು ತಾನೇ ಮಾಗಿಸಿಕೊಳ್ಳುವ ಜಾತಿ. ಆ ಅನಿಲ ಒಮ್ಮೆ ಏರಿತೆಂದರೆ ಮಾಗುವುದನ್ನು ತಂಪಿನಲ್ಲಿಟ್ಟು ನಿಧಾನ ಮಾಡಬಹುದು, ಹಿಂದಕ್ಕೆ ತಿರುಗಿಸಲು ಬರುವುದಿಲ್ಲ. ಬಲಿಯದೆ ಕಿತ್ತದ್ದು ಕೋಣೆಯಲ್ಲಿ ಸುಕ್ಕಾಗುತ್ತದೆ, ಸಿಪ್ಪೆ ಬೆಂದ ಹಾಗೆ ಕಂದಾಗುತ್ತದೆ, ಎಷ್ಟು ದಿನ ಕಾದರೂ ಪರಿಮಳ ಬರುವುದಿಲ್ಲ. ತಡವಾಗಿ ಕಿತ್ತದ್ದು ಹಿಟ್ಟಾಗುತ್ತದೆ. ಗರಿಗರಿ ಸೇಬನ್ನು ಕಚ್ಚಿದಾಗ ಜೀವಕೋಶಗಳು ಒಡೆದು ರಸ ಬರುತ್ತದೆ. ಮಾಗುವಾಗ ಕೋಶ ಕೋಶಗಳ ನಡುವಿನ ಪೆಕ್ಟಿನ್ ಅಂಟು ಕರಗುತ್ತಾ ಹೋಗುತ್ತದೆ. ಆಮೇಲೆ ಕಚ್ಚಿದರೆ ಕೋಶಗಳು ಒಡೆಯದೆ ಒಂದರಿಂದ ಒಂದು ಜಾರಿ ಬಿಡಿಯಾಗುತ್ತವೆ. ರಸ ಅವುಗಳ ಒಳಗೇ ಇರುತ್ತದೆ, ನಿಮ್ಮ ಬಾಯಿಗೆ ಬರುವುದು ಹಿಟ್ಟು.

ಹಾಗಾದರೆ ಹೇಗೆ ತಿಳಿಯುವುದು? ನಾನು ಹೆಚ್ಚು ನೆಚ್ಚಿಕೊಂಡಿರುವುದು ಅಯೋಡಿನ್ ಪರೀಕ್ಷೆಯನ್ನು. ಪೊಟ್ಯಾಸಿಯಂ ಅಯೋಡೈಡ್ 8.8 ಗ್ರಾಂ ತೆಗೆದುಕೊಂಡು ಮೊದಲು ಸ್ವಲ್ಪ ಬೆಚ್ಚಗಿನ ನೀರಿನಲ್ಲಿ ಕರಗಿಸಿ. ಅದಕ್ಕೆ ಅಯೋಡಿನ್ ಹರಳು 2.2 ಗ್ರಾಂ ಹಾಕಿ, ಪೂರ್ತಿ ಕರಗಿದ ಮೇಲೆ ನೀರು ಸೇರಿಸಿ ಒಂದು ಲೀಟರ್ ಮಾಡಿ. ಹರಳನ್ನು ನೇರ ನೀರಿಗೆ ಹಾಕಿ “ಕರಗ್ತಾ ಇಲ್ಲ ಸಾರ್” ಅಂತ ಫೋನ್ ಮಾಡಬೇಡಿ, ಅದು ಬರಿ ನೀರಿನಲ್ಲಿ ಕರಗುವುದೇ ಕಷ್ಟ. ಕಪ್ಪು ಬಾಟಲಿಯಲ್ಲಿ, ಮಕ್ಕಳ ಕೈಗೆ ಸಿಗದ ಕಡೆ ಇಡಿ. ಇದು ವಿಷ. ಪರೀಕ್ಷೆ ಮಾಡಿದ ಹೋಳನ್ನು ದನಕ್ಕೂ ಹಾಕಬಾರದು.

ಕಾಯಿಯನ್ನು ನಡುವಿಗೆ ಅಡ್ಡ ಕೊಯ್ದು, ಕೊಯ್ದ ಮುಖವನ್ನು ದ್ರಾವಣದಲ್ಲಿ ಅದ್ದಿ ಒಂದೆರಡು ನಿಮಿಷ ಬಿಡಿ. ಪಿಷ್ಟ ಇರುವಲ್ಲಿ ನೀಲಿಗಪ್ಪಾಗುತ್ತದೆ, ಸಕ್ಕರೆಯಾದ ಕಡೆ ಹಾಗೇ ಬೆಳ್ಳಗಿರುತ್ತದೆ. ಪಿಷ್ಟ ಕರಗುವುದು ಬೀಜದ ಗೂಡಿನಿಂದ ಹೊರಕ್ಕೆ. ಮೊದಲು ಇಡೀ ಹೋಳು ಕಪ್ಪು. ಆಮೇಲೆ ನಡುವೆ ಒಂದು ಬಿಳಿ ಹೂವು, ಅದು ದಿನದಿನಕ್ಕೆ ಅರಳುತ್ತಾ ಕೊನೆಗೆ ಸಿಪ್ಪೆಯ ಒಳಗಂಚಿಗೆ ಕಾಡಿಗೆ ತೀಡಿದಷ್ಟು ಕಪ್ಪು ಮಾತ್ರ ಉಳಿಯುತ್ತದೆ. ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾಲಯದವರು 1992ರಲ್ಲಿ ಇದಕ್ಕೆ 1ರಿಂದ 8ರವರೆಗೆ ಅಂಕಿ ಕೊಟ್ಟರು. 1 ಅಂದರೆ ಎಲ್ಲ ಪಿಷ್ಟ, 8 ಅಂದರೆ ಏನೂ ಇಲ್ಲ. ತಿಂಗಳುಗಟ್ಟಲೆ ಇಡಬೇಕಾದ್ದಕ್ಕೆ ಕೆಳಗಿನ ಅಂಕಿ, ನಾಳೆಯೇ ತಿನ್ನುವುದಕ್ಕೆ ಮೇಲಿನ ಅಂಕಿ. ಕರಾರುವಾಕ್ಕಾಗಿ ಎಷ್ಟು ಅನ್ನುವುದು ಜಾತಿಯ ಮೇಲೆ ಹೋಗುತ್ತದೆ, ಗಾಲಾದ ಅಂಕಿಯನ್ನು ಫ್ಯೂಜಿಗೆ ಹಚ್ಚಬೇಡಿ.

ನನ್ನ ಪರಿಚಯದ ಒಬ್ಬ ಅಜ್ಜಿಗೆ ಈ ಬಾಟಲಿ ಬೇಕಿಲ್ಲ. ಮರದಿಂದ ಒಂದು ಕಿತ್ತು ಕಚ್ಚಿ, ನಾಲಿಗೆಯಿಂದ ಹಲ್ಲು ಸವರಿಕೊಂಡು, ಪಕ್ಕಕ್ಕೆ ಉಗಿಯುತ್ತಾರೆ. “ಹಲ್ಲಿಗೆ ಮೆತ್ತುತ್ತದೆ ಮಗಾ, ಇನ್ನೂ ಒಂದು ವಾರ ಬಿಡು.” ಆ ಮೆತ್ತುವುದೇ ಪಿಷ್ಟ. ಅವರ ಕಣ್ಣು ತಪ್ಪಿಸಿ ಅದೇ ಮರದ ಕಾಯಿಗೆ ನಾನು ಅಯೋಡಿನ್ ಹಾಕಿ ನೋಡಿದ್ದೇನೆ, ಮೂರು ಸಲವೂ ಅವರೇ ಗೆದ್ದರು.

ನಾನು ಸೋತದ್ದೂ ಇದೆ. ಕೆಲಸಕ್ಕೆ ಹೊಸಬನಾಗಿದ್ದಾಗ ಒಂದು ತೋಟದಲ್ಲಿ ದಾರಿಯ ಪಕ್ಕದ ಮೊದಲ ಸಾಲಿನಿಂದಲೇ ಹತ್ತು ಕಾಯಿ ಕಿತ್ತು, ಪರೀಕ್ಷೆ ಮಾಡಿ, “ನಾಳೆಯೇ ಶುರು ಮಾಡಿ” ಅಂದೆ. ಆ ಸಾಲಿನ ಮರಗಳಲ್ಲಿ ಫಸಲು ಕಡಿಮೆ ಇತ್ತು. ಫಸಲು ಕಡಿಮೆ ಇದ್ದ ಮರದ ಕಾಯಿ ಬೇಗ ಬಲಿಯುತ್ತದೆ. ಒಳಗಿನ ಮರಗಳು ರೆಂಬೆ ಬಗ್ಗುವಷ್ಟು ಹೊತ್ತಿದ್ದವು, ಅವು ಇನ್ನೂ ಕಾಯಿ. ಮೂರು ತಿಂಗಳ ಮೇಲೆ ಕೋಲ್ಡ್ ಸ್ಟೋರೇಜಿನಿಂದ ತೆಗೆದಾಗ ಅರ್ಧಕ್ಕರ್ಧ ಸಿಪ್ಪೆ ಕಂದಾಗಿತ್ತು. ಯಜಮಾನರು ಬೈಯಲಿಲ್ಲ. ಒಂದು ಕ್ರೇಟ್ ತಂದು ನನ್ನ ಮುಂದಿಟ್ಟು ಒಳಗೆ ಹೋದರು.

ಅದಕ್ಕೇ ಈಗ ಬೇರೆ ಬೇರೆ ಸಾಲಿನ ನಾಲ್ಕೈದು ಮರ ಗುರುತು ಮಾಡಿ, ಎದೆಯ ಎತ್ತರದಲ್ಲಿ, ಎರಡೂ ಪಕ್ಕದಿಂದ, ಒಂದೇ ಗಾತ್ರದ ಕಾಯಿ ಕೀಳಿ ಎನ್ನುತ್ತೇನೆ. ಕಿತ್ತ ದಿನವೇ ನೋಡಬೇಕು, ಇಟ್ಟರೆ ಬುಟ್ಟಿಯಲ್ಲೇ ಪಿಷ್ಟ ಕರಗುತ್ತದೆ. ಮೊದಲು ವಾರಕ್ಕೊಮ್ಮೆ, ಹತ್ತಿರ ಬಂದಂತೆ ಎರಡು ಮೂರು ದಿನಕ್ಕೊಮ್ಮೆ. ಯಾವಾಗ ಶುರು ಮಾಡಬೇಕು ಅನ್ನುವುದಕ್ಕೆ ಹೂವು ತುಂಬಿ ಅರಳಿದ ದಿನದಿಂದ ಲೆಕ್ಕ ಹಾಕಿ: ಗಾಲಾಕ್ಕೆ ಹೆಚ್ಚೂಕಮ್ಮಿ ನಾಲ್ಕು ತಿಂಗಳು, ಗ್ರಾನಿ ಸ್ಮಿತ್‌ಗೆ ಆರರ ಹತ್ತಿರ. ಹವೆ ನೋಡಿಕೊಂಡು ಅದೂ ಹಿಂದುಮುಂದಾಗುತ್ತದೆ. ಗಟ್ಟಿತನ ಅಳೆಯುವ ಯಂತ್ರ ಇದ್ದವರು ಸಿಪ್ಪೆ ತೆಗೆದೇ ಒತ್ತಿ, ಸೇಬಿಗೆ 11 ಮಿ.ಮೀ. ತುದಿ, 8 ಮಿ.ಮೀ. ತುದಿ ಪೇರ್ ಹಣ್ಣಿನದು.

ಕೀಳುವಾಗ ಎಳೆಯಬೇಡಿ. ಅಂಗೈಯಲ್ಲಿ ಹಿಡಿದು ಮೇಲಕ್ಕೆತ್ತಿ ಸ್ವಲ್ಪ ತಿರುಗಿಸಿದರೆ ಬಲಿತದ್ದು ತೊಟ್ಟಿನ ಸಮೇತ ಕೈಗೆ ಬರುತ್ತದೆ. ಬರದಿದ್ದರೆ ಬಿಟ್ಟುಬಿಡಿ. ಎಳೆದರೆ ಮುಂದಿನ ವರ್ಷ ಹೂ ಬಿಡಬೇಕಾದ ಗಿಡ್ಡ ರೆಂಬೆಯೇ ಕಿತ್ತು ಬರುತ್ತದೆ. ಬಿಟ್ಟ ಕಾಯಿಗೆ ಮೊದಲ ಸುತ್ತಿನ ನಂತರ ಬೆಳಕು ಸಿಗುತ್ತದೆ, ನಾಲ್ಕೈದು ದಿನಕ್ಕೆ ಎರಡನೇ ಸುತ್ತು, ಬೇಕಾದರೆ ಮೂರನೆಯದು.

ಇಷ್ಟು ಹೇಳಿದ ಮೇಲೆ ಬರುವ ಮಾತು ನನಗೆ ಗೊತ್ತಿದೆ. “ಆಳು ಸಿಗೋದು ಒಂದೇ ದಿನ ಸಾರ್.” ಅದಕ್ಕೆ ನನ್ನ ಹತ್ತಿರ ಒಳ್ಳೆಯ ಉತ್ತರವಿಲ್ಲ. ಒಂದೇ ದಿನ ಅಂತಾದರೆ ಹೊರಗಿನ ಕೊಂಬೆಯ ಕಾಯಿಯನ್ನೂ ಒಳಗಿನದನ್ನೂ ಬೇರೆ ಬೇರೆ ಕ್ರೇಟಿಗೆ ತುಂಬಿಸಿ, ಪ್ರತಿ ರಾಶಿಯಿಂದ ನಾಲ್ಕನ್ನು ಕೊಯ್ದು ಅಯೋಡಿನ್‌ಗೆ ಅದ್ದಿ. ಪಿಷ್ಟ ಹೆಚ್ಚು ಕರಗಿದ ರಾಶಿಯನ್ನು ಮೊದಲು ಮಾರಿ. ತೀರಾ ಕಪ್ಪಾಗಿ ಕಂಡ ರಾಶಿಯನ್ನು ಕೋಲ್ಡ್ ಸ್ಟೋರೇಜಿಗೆ ಕಳಿಸುವ ಮುಂಚೆ ಒಂದು ಫೋನ್ ಮಾಡಿ, ಫೋಟೊ ಬೇಡ.