ಖುಲಾಸೆಯಾದ ಮೇಲೂ ಆರದ ಹೊಗೆ

ಬೆಳಗಾವಿಯ ಜಿಲ್ಲಾ ನ್ಯಾಯಾಲಯದ ಬಳಿಯ ಚಹಾದಂಗಡಿಯಲ್ಲಿ, ಖುಲಾಸೆಯಾದ ಆರೋಪಿಯೊಬ್ಬನ ಮಾತು ಬಂದಾಗ ಹಿರಿಯರೊಬ್ಬರು ಪಕ್ಕದಲ್ಲಿದ್ದ ವಕೀಲರನ್ನು ಕೇಳಿದರು: “ಬಿಟ್ಟಾರ ಖರೆ ಸಾಹೇಬ್ರ, ಆದ್ರ ಬೆಂಕಿ ಇಲ್ದ ಹೊಗಿ ಆಡತದೇನ್ರಿ?” ಆಗ ನಾನು ಅವರಿಗೆ ಇಟಲಿಯ ಪೆರುಜಾ ನಗರದ ಪ್ರಕರಣವನ್ನು ಹೇಳಿದೆ.

2007ರ ನವೆಂಬರ್ 1ರ ರಾತ್ರಿ ಅಲ್ಲಿ ಬ್ರಿಟಿಷ್ ವಿದ್ಯಾರ್ಥಿನಿಯೊಬ್ಬಳ ಕೊಲೆಯಾಯಿತು. ಅದೇ ಮನೆಯಲ್ಲಿದ್ದ ಅಮೆರಿಕದ ಅಮಾಂಡಾ ನಾಕ್ಸ್ ಮತ್ತು ಆಕೆಯ ಗೆಳೆಯನಿಗೆ 2009ರಲ್ಲಿ ಶಿಕ್ಷೆಯಾಯಿತು; 2011ರಲ್ಲಿ ಬಿಡುಗಡೆಯಾಯಿತು; 2013ರಲ್ಲಿ ಆ ಖುಲಾಸೆ ರದ್ದಾಯಿತು; 2014ರಲ್ಲಿ ಮತ್ತೆ ಶಿಕ್ಷೆಯಾಗಿ, ಕೊನೆಗೆ 2015ರ ಮಾರ್ಚ್ 27ರಂದು ಸರ್ವೋಚ್ಚ ನ್ಯಾಯಾಲಯ ಇಬ್ಬರನ್ನೂ ಕೊಲೆಯ ಆರೋಪದಿಂದ ಅಂತಿಮವಾಗಿ ಮುಕ್ತಗೊಳಿಸಿತು.

ನಾಕ್ಸ್ ವಿರುದ್ಧದ ಮುಖ್ಯ ಭೌತಿಕ ಸಾಕ್ಷ್ಯಗಳಲ್ಲೊಂದು ಗೆಳೆಯನ ಅಡುಗೆಮನೆಯ ಒಂದು ಚಾಕು. ಹಿಡಿಯ ಮೇಲೆ ನಾಕ್ಸ್‌ಳ ಡಿಎನ್ಎ ಇತ್ತು. ಆ ಮನೆಗೆ ಹೋಗಿಬರುತ್ತಿದ್ದವಳ ಮಟ್ಟಿಗೆ ಅದರಲ್ಲಿ ಸೋಜಿಗವಿಲ್ಲ. ಅಲಗಿನ ಮೇಲಿತ್ತೆನ್ನಲಾದ ಮೃತಳ ಡಿಎನ್ಎ ಮಾತ್ರ ಎರಡನೆಯ ಬಾರಿ ಪರೀಕ್ಷಿಸಲೂ ಸಾಲದಷ್ಟು ಅತ್ಯಲ್ಪವಾಗಿತ್ತು, ರಕ್ತವಂತೂ ಪತ್ತೆಯಾಗಲಿಲ್ಲ. ನಮ್ಮ ಒಂದು ಜೀವಕೋಶದಲ್ಲಿರುವ ಡಿಎನ್ಎ ಸುಮಾರು 6 ಪಿಕೋಗ್ರಾಂ. ಒಂದು ಪಿಕೋಗ್ರಾಂ ಎಂದರೆ ಗ್ರಾಮಿನ ಲಕ್ಷ ಕೋಟಿಯಲ್ಲೊಂದು ಪಾಲು. ಪ್ರಯೋಗಾಲಯದ ಪಿಸಿಆರ್ ವಿಧಾನವು ಅದನ್ನು ಪ್ರತಿ ಸುತ್ತಿನಲ್ಲೂ ಹೆಚ್ಚುಕಡಿಮೆ ಇಮ್ಮಡಿಸುತ್ತ ಹೋಗುವುದರಿಂದ, 30 ಸುತ್ತುಗಳಲ್ಲಿ ಒಂದು ಪ್ರತಿ ಲೆಕ್ಕಕ್ಕೆ ನೂರು ಕೋಟಿಯನ್ನು ದಾಟುತ್ತದೆ. ಕೈಗವಸಿನಿಂದ ಜಾರಿಬಂದ ಕಣವೂ ಅಷ್ಟೇ ಪಟ್ಟು ಬೆಳೆಯುತ್ತದೆ. ಚಾಕುವನ್ನು ಚೆನ್ನಾಗಿ ತೊಳೆದು ರಕ್ತವನ್ನು ಅಳಿಸಿರಬೇಕು ಎಂಬ ವಾದವಿತ್ತು. ಆದರೆ 2011ರಲ್ಲಿ ನ್ಯಾಯಾಲಯವೇ ನೇಮಿಸಿದ ತಜ್ಞರಿಗೆ ಅದರ ಮೇಲೆ ಪಿಷ್ಟದ ಕಣಗಳು ಸಿಕ್ಕವು. ರೊಟ್ಟಿ ಬಡಿದು ಕೈ ತೊಳೆದ ಮೇಲೂ ಉಗುರಿನ ಸಂದಿಯಲ್ಲಿ ಜೋಳದ ಹಿಟ್ಟು ಉಳಿಯುವುದನ್ನು ನಮ್ಮ ಕಡೆಯವರು ನಿತ್ಯ ಕಾಣುತ್ತಾರೆ. ಹಿಟ್ಟು ಉಳಿದು ರಕ್ತವಷ್ಟೇ ಹೋಗುವಂತೆ ಯಾರು ತೊಳೆಯಬಲ್ಲರು? ಗೆಳೆಯನ ವಿರುದ್ಧದ ಮುಖ್ಯ ಸಾಕ್ಷ್ಯವಾದ ಒಳಉಡುಪಿನ ಕೊಂಡಿಯನ್ನಂತೂ ಕೊಲೆಯಾಗಿ ಆರು ವಾರಗಳೂ ಕಳೆದ ಮೇಲೆ ನೆಲದಿಂದ ಎತ್ತಿಕೊಂಡಿದ್ದರು.

ಇಷ್ಟಾದರೂ ಅನುಮಾನ ಏಕೆ ಆರದು? ಮನೋವಿಜ್ಞಾನಿಗಳಾದ ಹೊಲಿನ್ ಜಾನ್ಸನ್ ಮತ್ತು ಕಾಲೀನ್ ಸೈಫರ್ಟ್ 1994ರಲ್ಲಿ ಪ್ರಕಟಿಸಿದ ಪ್ರಯೋಗವೂ ಬೆಂಕಿ, ಹೊಗೆಯದೇ. ಗೋದಾಮೊಂದರ ಬೆಂಕಿಯ ವರದಿಯನ್ನು ಓದುವವರಿಗೆ ಮೊದಲು ಕೋಣೆಯಲ್ಲಿ ಬಣ್ಣದ ಡಬ್ಬಿ, ಗ್ಯಾಸ್ ಸಿಲಿಂಡರ್‌ಗಳಿದ್ದವು ಎಂದು ತಿಳಿಸಿ, ಆಮೇಲೆ ಅದು ತಪ್ಪು, ಕೋಣೆ ಖಾಲಿಯಿತ್ತು ಎಂದು ತಿದ್ದಲಾಯಿತು. ತಿದ್ದುಪಡಿಯನ್ನು ನೆನಪಿಟ್ಟವರೂ ದಟ್ಟ ಹೊಗೆಗೆ ಬಣ್ಣವೇ ಕಾರಣವೆಂದರು. ಬೆಂಕಿಗೆ ಬೇರೊಂದು ಕಾರಣವನ್ನು ಕೊಟ್ಟಾಗಲೇ ಹಳೆಯ ಕಾರಣದ ಹಿಡಿತ ಸಡಿಲಿತು. ಮನಸ್ಸು ತಪ್ಪು ಕಥೆಯನ್ನು ಬಿಟ್ಟುಕೊಟ್ಟೀತು, ಆದರೆ ಕಥೆಯಿಲ್ಲದ ಖಾಲಿ ಜಾಗವನ್ನು ಸಹಿಸದು.

ಪೆರುಜಾದಲ್ಲಿ ಆ ಬೇರೆ ಕಾರಣವೂ ಇತ್ತು. ಇನ್ನೊಬ್ಬನ ಡಿಎನ್ಎ ಕೊಲೆಯಾದ ಕೋಣೆಯಲ್ಲೇ ಸಿಕ್ಕಿ, ಅವನಿಗೆ 2008ರಲ್ಲೇ ಶಿಕ್ಷೆಯಾಗಿತ್ತು. ಆದರೆ ಮೊದಲ ಕಥೆಯನ್ನು ಕೈಬಿಡುವ ಬದಲು ಅವನನ್ನು ಅದರೊಳಗೇ ಸೇರಿಸಲಾಯಿತು. ಜೊತೆಗೆ, ರಾತ್ರಿಯಿಡೀ ನಡೆದ ವಿಚಾರಣೆಯಲ್ಲಿ ನಾಕ್ಸ್ ನಿರಪರಾಧಿಯೊಬ್ಬನ ಹೆಸರು ಹೇಳಿದ್ದಳು. ಆ ಸುಳ್ಳು ಆರೋಪದ ಅಪರಾಧ ಇಂದಿಗೂ ಆಕೆಯ ಮೇಲಿದೆ. ಆಗ ಆಕೆಗೆ ವಕೀಲರ ನೆರವು ಸಿಗದೆ ಹಕ್ಕಿನ ಉಲ್ಲಂಘನೆಯಾಯಿತೆಂದು ಯುರೋಪಿನ ಮಾನವ ಹಕ್ಕುಗಳ ನ್ಯಾಯಾಲಯ 2019ರಲ್ಲಿ ಹೇಳಿದ್ದು ಮಾತ್ರ ಹೆಚ್ಚು ಜನರಿಗೆ ಮುಟ್ಟಲಿಲ್ಲ.

“ಹಂಗಾರ ಕೊಂದವರು ಯಾರ್ರಿ?” ಎಂದು ಹಿರಿಯರು ಕೇಳಿದರು. ಶವದ ಕೆಳಗಿದ್ದ ದಿಂಬಿನ ಮೇಲೆ ರಕ್ತದಲ್ಲಿ ಮೂಡಿದ್ದ ಆ ಇನ್ನೊಬ್ಬನ ಅಂಗೈ ಗುರುತಿನ ಬಗ್ಗೆ ಹೇಳಿದೆ. ಅವರು ಚಹಾದ ಲೋಟವನ್ನು ಕೆಳಗಿಟ್ಟು, “ಇದನ್ನ ಮೊದಲ ಹೇಳಬೇಕಿತ್ತಲ್ರಿ,” ಎಂದರು.