ಪದಕದ ಸಂಖ್ಯೆಯಿಂದ ಸೈನಿಕನ ಹೆಸರಿನವರೆಗೆ: ಉಜ್ಬೆಕ್ ಯೋಧರ ಸೋವಿಯತ್ ದಾಖಲೆಗಳನ್ನು ಓದುವ ಬಗೆ

‘ಜಾ ಓತ್ವಾಗು’ ಪದಕವನ್ನು ಅಂಗೈಯಲ್ಲಿಟ್ಟು ಮಗುಚಿದರೆ ಹಿಂಬದಿಯಲ್ಲಿ ಒಂದು ಸಂಖ್ಯೆಯ ಹೊರತು ಬೇರೇನೂ ಕಾಣುವುದಿಲ್ಲ. ಅದು 37 ಮಿಲಿಮೀಟರ್ ಅಗಲದ ಬೆಳ್ಳಿಯ ಬಿಲ್ಲೆ. ಮುಂಬದಿಯಲ್ಲಿ ಮೂರು ವಿಮಾನಗಳು, ಅವುಗಳ ಕೆಳಗೆ ‘ಧೈರ್ಯಕ್ಕಾಗಿ’ ಎಂದು ಸಾರುವ ಎರಡು ರಷ್ಯನ್ ಪದಗಳು, ಅದರಡಿ ಒಂದು ಟ್ಯಾಂಕ್. ಪಡೆದವನ ಹೆಸರಾಗಲಿ, ಊರಾಗಲಿ, ದಿನಾಂಕವಾಗಲಿ ಎಲ್ಲಿಯೂ ಇಲ್ಲ. ನಾನು ಈ ವಿಷಯವನ್ನು ಕಲಿಯತೊಡಗಿದಾಗ ಆ ಸಂಖ್ಯೆಯೇ ಬೀಗದ ಕೈ ಎಂದು ನಂಬಿ, ಅದನ್ನು ಹುಡುಕಾಟದ ಪೆಟ್ಟಿಗೆಯಲ್ಲಿ ಹಾಕಿ ತೆಗೆದು ಒಂದು ವಾರ ಕಳೆದೆ. ಸಂಖ್ಯೆಗೂ ಹೆಸರಿಗೂ ಇರುವ ಗಂಟು ಲೋಹದಲ್ಲಿಲ್ಲ, ಕಾಗದದಲ್ಲಿದೆ ಎಂಬುದು ಆಮೇಲೆ ತಿಳಿಯಿತು. ಉಜ್ಬೆಕ್ ಸೈನಿಕನ ವಿಷಯದಲ್ಲಿ ಆ ಕಾಗದವನ್ನು ಬರೆದವನು ಬಹುತೇಕ ಅವನ ಭಾಷೆ ಬಾರದ ಗುಮಾಸ್ತನಾಗಿರುತ್ತಿದ್ದ. ಹಾಗಾಗಿ ದಾಖಲೆಯಲ್ಲಿ ಎಲ್ಲಕ್ಕಿಂತ ಕಡಿಮೆ ನಂಬಬೇಕಾದ ಅಂಶ ಹೆಸರೇ ಆಗಿಬಿಡುತ್ತದೆ. ಈ ಟಿಪ್ಪಣಿಯ ಮುಖ್ಯ ಮಾತು ಅದೇ.

ಹಿನ್ನೆಲೆಯಾಗಿ ಇಷ್ಟು ಸಾಕು: 1941ರಿಂದ 1945ರ ಯುದ್ಧಕ್ಕೆ ಉಜ್ಬೆಕಿಸ್ತಾನದಿಂದ ಸುಮಾರು 15 ಲಕ್ಷ ಜನ ಹೋದರೆಂಬ ಲೆಕ್ಕ ಸಾಮಾನ್ಯವಾಗಿ ಚಾಲ್ತಿಯಲ್ಲಿದೆ. ಕನ್ನಡದಲ್ಲಿ ನಾವು ಎಲ್ಲವನ್ನೂ ‘ಪದಕ’ ಎಂದುಬಿಡುತ್ತೇವೆ. ಸೋವಿಯತ್ ವ್ಯವಸ್ಥೆಯಲ್ಲಿ ‘ಆರ್ಡರ್’ ಎಂಬ ಪುರಸ್ಕಾರ ಬೇರೆ, ಪದಕ ಬೇರೆ, ಮತ್ತು ಆರ್ಡರಿನ ಸ್ಥಾನ ಮೇಲಿನದು. 1930ರಲ್ಲಿ ಸ್ಥಾಪಿತವಾದ ಕೆಂಪು ನಕ್ಷತ್ರ, 1942ರ ಮೇ ತಿಂಗಳಿನ ದೇಶಭಕ್ತಿ ಯುದ್ಧದ ಆರ್ಡರ್, 1943ರ ನವೆಂಬರಿನಲ್ಲಿ ಸಾಮಾನ್ಯ ಸೈನಿಕರಿಗೂ ಸಾರ್ಜೆಂಟರಿಗೂ ಎಂದು ಮೂರು ದರ್ಜೆಗಳಲ್ಲಿ ಬಂದ ಸ್ಲಾವಾ, ಅಂದರೆ ಕೀರ್ತಿಯ ಆರ್ಡರ್, ಇವೆಲ್ಲ ಮೊದಲನೆಯ ಗುಂಪಿನವು. 1938ರ ಅಕ್ಟೋಬರಿನಲ್ಲಿ ಒಟ್ಟಿಗೆ ಹುಟ್ಟಿದ ‘ಧೈರ್ಯಕ್ಕಾಗಿ’ ಮತ್ತು ‘ಯುದ್ಧ ಸೇವೆಗಾಗಿ’ ಎಂಬೆರಡು ಪದಕಗಳು ಎರಡನೆಯ ಗುಂಪಿನವು. ಈ ವ್ಯತ್ಯಾಸ ಬರಿಯ ಗೌರವದ್ದಲ್ಲ. ಆರ್ಡರಿಗೆ ಸಾಮಾನ್ಯವಾಗಿ ಪ್ರತ್ಯೇಕ ಶಿಫಾರಸು ಪತ್ರವಿರುತ್ತದೆ; ಪದಕಗಳನ್ನು 1942ರ ನವೆಂಬರಿನಿಂದ ರೆಜಿಮೆಂಟಿನ ಕಮಾಂಡರನೇ ಕೊಡಬಹುದಾಗಿದ್ದರಿಂದ ಅಲ್ಲಿ ಸಿಗುವುದು ಹತ್ತಾರು ಹೆಸರುಗಳ ಒಂದು ಆದೇಶ, ಅದರಲ್ಲಿ ತಲೆಗೆ ಎರಡು ಮೂರು ಸಾಲು.

ಕಾಗದಗಳ ಮೂಲ ಮನೆ ಮಾಸ್ಕೋ ಬಳಿಯ ಪೊದೋಲ್ಸ್ಕ್ ಊರಿನಲ್ಲಿರುವ ರಷ್ಯಾ ರಕ್ಷಣಾ ಸಚಿವಾಲಯದ ಕೇಂದ್ರ ದಾಖಲಾಲಯ. 2007ರ ಮೇ ತಿಂಗಳಲ್ಲಿ ಯುದ್ಧಕಾಲದ ಕಡತಗಳ ಗೋಪ್ಯತೆಯನ್ನು ತೆರವುಗೊಳಿಸುವ ಆದೇಶ ಹೊರಟ ಮೇಲೆ ಇವು ಹಂತ ಹಂತವಾಗಿ ಜಾಲತಾಣಗಳಿಗೆ ಬಂದವು: ಮಡಿದವರಿಗೂ ಕಾಣೆಯಾದವರಿಗೂ ‘ಮೆಮೊರಿಯಲ್’, ಪುರಸ್ಕಾರಗಳಿಗೆ 2010ರಿಂದ ‘ಪೋದ್ವಿಗ್ ನರೋದಾ’, ಎರಡನ್ನೂ ಸೇನಾ ಘಟಕಗಳ ದಾಖಲೆಗಳೊಡನೆ ಹೆಣೆದ ‘ಪಾಮ್ಯತ್ ನರೋದಾ’. ಪ್ರತಿ ಪುಟಕ್ಕೂ ನಾಲ್ಕು ಮೆಟ್ಟಿಲಿನ ವಿಳಾಸವಿದೆ: ಫೋಂಡ್, ಓಪಿಸ್, ದ್ಯೇಲೊ, ಲಿಸ್ತ್; ಸಂಗ್ರಹ, ಪಟ್ಟಿ, ಕಡತ, ಹಾಳೆ ಎಂದು ಅರ್ಥ. ಪುರಸ್ಕಾರದ ಕಾಗದಗಳು ಬಹುಪಾಲು 33ನೆಯ ಫೋಂಡಿನಲ್ಲಿವೆ. ಸಿಕ್ಕ ಪುಟದ ಈ ನಾಲ್ಕೂ ಅಂಕಿಗಳನ್ನು ಕೂಡಲೇ ಬರೆದಿಟ್ಟುಕೊಳ್ಳಿ, ಏಕೆಂದರೆ ಹೆಸರಿನ ಒಂದಕ್ಷರ ಮರೆತರೂ ಅದೇ ಪುಟ ಮತ್ತೆ ಸಿಗದೆ ಹೋಗಬಹುದು.

ಇನ್ನು ಹೆಸರಿನ ಸಮಸ್ಯೆ. ವಿವರಣೆಗಾಗಿ ನಾನೇ ಕಟ್ಟಿದ ಒಂದು ಹೆಸರನ್ನು ತೆಗೆದುಕೊಳ್ಳೋಣ: ತೋಷ್ಮತ್ ಎಂಬವನ ಮಗ ಜೋರಾಬೋಯ್. ಉಜ್ಬೆಕ್ ಭಾಷೆಯನ್ನು 1920ರ ದಶಕದ ಕೊನೆಯವರೆಗೆ ಅರಬ್ಬಿ ಲಿಪಿಯಲ್ಲಿ, ಆಮೇಲೆ ಲ್ಯಾಟಿನ್ ಲಿಪಿಯಲ್ಲಿ, 1940ರಿಂದ ಸಿರಿಲಿಕ್ ಲಿಪಿಯಲ್ಲಿ ಬರೆಯಲಾಯಿತು. ಸೈನ್ಯಕ್ಕೆ ಸೇರುವ ಹೊತ್ತಿಗೆ ಒಬ್ಬನ ಹೆಸರು ಮೂರು ಲಿಪಿಗಳನ್ನು ದಾಟಿ ಬಂದಿರಬಹುದಿತ್ತು. ಉಜ್ಬೆಕ್ ಸಿರಿಲಿಕ್ಕಿಗೆಂದು ಸೇರಿಸಿದ ನಾಲ್ಕು ವಿಶೇಷ ಅಕ್ಷರಗಳು ರಷ್ಯನ್ ಬೆರಳಚ್ಚು ಯಂತ್ರದಲ್ಲಿರಲಿಲ್ಲ. ಕಿವಿಗೆ ಬಿದ್ದಂತೆ ಬರೆದುಕೊಂಡ ಗುಮಾಸ್ತನಿಗೆ ತೋಷ್ಮತ್ ‘ತಾಷ್ಮತ್’ ಆದ, ಬೋಯ್ ‘ಬಾಯ್’ ಆಯಿತು. ರಷ್ಯನ್ನಿನಲ್ಲಿ ‘ಜ’ಕಾರಕ್ಕೆ ಒಂಟಿ ಅಕ್ಷರವಿಲ್ಲದ್ದರಿಂದ ಒಬ್ಬ ಗುಮಾಸ್ತ ಎರಡಕ್ಷರ ಕೂಡಿಸಿ ‘ದ್ಜುರಾಬಾಯ್’ ಎಂದರೆ, ಉಜ್ಬೆಕ್ ಕಾಗದವನ್ನು ನೋಡಿ ನಕಲು ಮಾಡಿದ ಇನ್ನೊಬ್ಬ ‘ಝುರಾಬೋಯ್’ ಎಂದ. ಹೀಗೆ ತಾಷ್ಮತೊವ್ ದ್ಜುರಾಬಾಯ್, ತೋಷ್ಮತೊವ್ ಝುರಾಬೋಯ್, ಕೆಲವೊಮ್ಮೆ ಹೆಸರೂ ಉಪನಾಮವೂ ಅದಲುಬದಲಾಗಿ ದ್ಜುರಾಬಾಯೆವ್ ತಾಷ್ಮತ್: ಇವೆಲ್ಲ ಒಬ್ಬನೇ ಆಗಿರಬಹುದು. ‘ಮಗ’ ಎಂದಷ್ಟೇ ಅರ್ಥವಿರುವ ‘ಓಗ್ಲಿ’ ಪದ ‘ಉಗ್ಲಿ’ ಎಂದೋ ‘ಓಗ್ಲಿ’ ಎಂದೋ ಹೆಸರಿಗೇ ಅಂಟಿಕೊಂಡು ಕುಳಿತಿರುವುದೂ ಉಂಟು.

ಮೊಮ್ಮಕ್ಕಳು ಎಡವುವುದು ಇದಕ್ಕಿಂತ ಸರಳವಾದ ಒಂದು ಕಡೆ. ಆ ಕಾಲದ ಉಜ್ಬೆಕ್ ಹಳ್ಳಿಯಲ್ಲಿ ಉಪನಾಮವೆಂದರೆ ವಂಶದ ಹೆಸರಲ್ಲ. ತಂದೆಯ ಅಥವಾ ಅಜ್ಜನ ಹೆಸರಿಗೆ ‘ಒವ್’, ‘ಎವ್’ ಸೇರಿಸಿದ್ದು. ತೋಷ್ಮತನ ಮಗ ತೋಷ್ಮತೊವ್; ಅವನ ಮಕ್ಕಳು ಜೋರಾಬೋಯೆವ್. ಇನಿಶಿಯಲ್ಲಿನಲ್ಲಿ ತಂದೆಯ ಹೆಸರಿಟ್ಟುಕೊಂಡು ಬೆಳೆದ ನಮಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ನನ್ನ ಇನಿಶಿಯಲ್ಲು ಹಿಡಿದು ನನ್ನ ಅಜ್ಜನನ್ನು ಹುಡುಕಿದರೆ ಅವರು ಸಿಗುವುದಿಲ್ಲ. ಅದರಂತೆ ತನ್ನದೇ ಉಪನಾಮವನ್ನು ಹಾಕಿ ಅಜ್ಜನನ್ನು ಹುಡುಕುವ ಉಜ್ಬೆಕ್ ಮೊಮ್ಮಗನಿಗೆ ಬರಿಗೈಯೇ ಗತಿ.

ಆದ್ದರಿಂದ ಹೆಸರನ್ನು ಸಡಿಲವಾಗಿ ಹಿಡಿದು ಬೇರೆ ಅಂಶಗಳನ್ನು ಬಿಗಿಯಾಗಿ ಹಿಡಿಯಬೇಕು. ನನ್ನ ಅನುಭವದಲ್ಲಿ ಎಲ್ಲಕ್ಕಿಂತ ಗಟ್ಟಿಯಾದದ್ದು ಸೈನಿಕನನ್ನು ಸೇರಿಸಿಕೊಂಡ ಜಿಲ್ಲಾ ಸೇನಾ ಕಚೇರಿಯ ಹೆಸರು. ರಷ್ಯನ್ ದಾಖಲೆಗಳಲ್ಲಿ ಅದು ‘ಎರ್ ವೆ ಕಾ’ ಎಂಬ ಮೂರಕ್ಷರವಾಗಿ ಕಾಣುತ್ತದೆ. ಇಲ್ಲಿಯೂ ಭೂಪಟ ಸ್ವಲ್ಪ ತಿಳಿದಿರಬೇಕು. ಅಂದಿಜಾನ್ ಮತ್ತು ನಮಂಗಾನ್ ಪ್ರಾಂತ್ಯಗಳು ರೂಪುಗೊಂಡದ್ದೇ 1941ರ ಮಾರ್ಚಿನಲ್ಲಿ. ಅದಕ್ಕೆ ಮುಂಚೆ ಸೇರಿದವನ ಕಾಗದದಲ್ಲಿ ಅದೇ ಊರು ಫರ್ಗಾನಾ ಪ್ರಾಂತ್ಯದ ಕೆಳಗಿರುತ್ತದೆ. ಇಂದಿನ ಅಸಾಕಾ ಪಟ್ಟಣ ಆಗ ಲೆನಿನ್ಸ್ಕ್ ಆಗಿತ್ತು. ಕಶ್ಕದರ್ಯಾ ಪ್ರಾಂತ್ಯ ಬಂದದ್ದು 1943ರಲ್ಲಿ. ಎರಡು ದಾಖಲೆಗಳಲ್ಲಿ ಪ್ರಾಂತ್ಯ ಬೇರೆ ಎಂಬ ಕಾರಣಕ್ಕೆ ಇಬ್ಬರು ಬೇರೆಯವರೆಂದು ತೀರ್ಮಾನಿಸುವ ಮುಂಚೆ ಈ ವರ್ಷಗಳನ್ನು ನೆನೆಯಬೇಕು. ಹುಟ್ಟಿದ ವರ್ಷವನ್ನು ಮಾತ್ರ ಎರಡು ಮೂರು ವರ್ಷ ಆಚೀಚೆ ಬಿಟ್ಟೇ ನೋಡಬೇಕು. ಅನೇಕರಿಗೆ ಅದು ಅಂದಾಜಿನ ವರ್ಷವಾಗಿತ್ತು.

ಶಿಫಾರಸು ಪತ್ರಕ್ಕೆ ‘ನಾಗ್ರದ್ನೋಯ್ ಲಿಸ್ತ್’ ಎಂದು ಹೆಸರು. ಮೇಲ್ಭಾಗದಲ್ಲಿ ಹೆಸರು, ಹುದ್ದೆ, ಘಟಕ ಮತ್ತು ಯಾವ ಪುರಸ್ಕಾರಕ್ಕೆ ಶಿಫಾರಸು ಎಂಬುದು. ಅನಂತರ ಹುಟ್ಟಿದ ವರ್ಷ, ಜನಾಂಗ, ಪಕ್ಷದ ಸದಸ್ಯತ್ವ, ಹಿಂದೆ ಭಾಗವಹಿಸಿದ ಕದನಗಳು, ಗಾಯಗಳು, ಸೇನೆ ಸೇರಿದ ಕಾಲ, ಸೇರಿಸಿಕೊಂಡ ಕಚೇರಿ, ಹಿಂದಿನ ಪುರಸ್ಕಾರಗಳು. ಅದರ ಕೆಳಗೆ ‘ಸಾಹಸದ ಸಂಕ್ಷಿಪ್ತ, ನಿರ್ದಿಷ್ಟ ವಿವರಣೆ’ ಎಂಬ ಮುದ್ರಿತ ತಲೆಬರಹ. ಹಾಳೆಯ ಕೊನೆಗೆ ಮೇಲಧಿಕಾರಿಗಳ ಅಭಿಪ್ರಾಯಗಳು ಒಂದರ ಮೇಲೊಂದು ಏರುತ್ತವೆ, ಒಂದೊಂದಕ್ಕೂ ದಿನಾಂಕ ಮತ್ತು ಸಹಿ. ಓದುವಾಗ ಈ ಭಾಗವನ್ನು ಹಾರಿಸಬಾರದು: ರೆಜಿಮೆಂಟು ದೊಡ್ಡ ಆರ್ಡರನ್ನು ಕೇಳಿ, ಮೇಲಿನವರು ಅದಕ್ಕಿಂತ ಕೆಳಗಿನದನ್ನು ಕೊಟ್ಟಿರುವ ಉದಾಹರಣೆಗಳು ಧಾರಾಳ. ಮನೆಯಲ್ಲಿ ‘ಅಜ್ಜನಿಗೆ ಕೆಂಪು ಬಾವುಟದ ಆರ್ಡರ್ ಬಂದಿತ್ತು’ ಎಂಬ ಮಾತು ಉಳಿದು ಪೆಟ್ಟಿಗೆಯಲ್ಲಿ ಕೆಂಪು ನಕ್ಷತ್ರ ಮಾತ್ರ ಇದ್ದರೆ, ಅದು ಸುಳ್ಳೂ ಅಲ್ಲ, ಕಳವೂ ಅಲ್ಲದಿರಬಹುದು. ಜೊತೆಗೆ ಸಾಹಸ ನಡೆದ ದಿನ, ಶಿಫಾರಸಿನ ದಿನ, ಆದೇಶದ ದಿನ ಈ ಮೂರೂ ಬೇರೆ ಬೇರೆ. ಜಾಲತಾಣದ ಶೀರ್ಷಿಕೆಯಲ್ಲಿ ಕಾಣುವ ದಿನಾಂಕ ಇವುಗಳಲ್ಲಿ ಯಾವುದೆಂದು ಮೂಲ ಹಾಳೆಯನ್ನು ನೋಡಿಯೇ ತಿಳಿಯಬೇಕು.

ರೆಜಿಮೆಂಟಿನ ಆದೇಶದ ಭಾಷೆ ಇದಕ್ಕಿಂತ ಒಣಗಲು. ‘ಸುಪ್ರೀಂ ಸೋವಿಯತ್ ಪ್ರೆಸಿಡಿಯಮ್ಮಿನ ಹೆಸರಿನಲ್ಲಿ ಪುರಸ್ಕರಿಸುತ್ತೇನೆ’ ಎಂದು ಆರಂಭಿಸಿ, ಇಂಥ ಕಂಪನಿಯ ಇಂಥ ಬಂದೂಕುಗಾರನಿಗೆ ‘ಜಾ ತೊ, ಷ್ತೊ’ (ಏಕೆಂದರೆ) ಎಂಬ ಮೂರು ಪದ ಹಾಕಿ ಕಾರಣ ಹೇಳುತ್ತದೆ. ಆದರೂ ಈ ಒಣ ಸಾಲಿನಲ್ಲೇ ಹಳ್ಳಿಯ ಹೆಸರು ಮತ್ತು ದಿನ ಸಿಗುತ್ತವೆ, ಅವೆರಡನ್ನು ಹಿಡಿದು ಆ ಘಟಕದ ಯುದ್ಧ ದಿನಚರಿಗೆ ಹೋಗಬಹುದು. ಘಟಕದ ಸಂಖ್ಯೆ ಬದಲಾಗುವುದನ್ನು ಮರೆಯಬಾರದು: ಅಲ್ಮಾ ಅತಾದಲ್ಲಿ ಕಟ್ಟಿದ 316ನೆಯ ರೈಫಲ್ ಡಿವಿಷನ್ 1941ರ ನವೆಂಬರಿನಲ್ಲಿ 8ನೆಯ ಗಾರ್ಡ್ಸ್ ಡಿವಿಷನ್ ಆಯಿತು, ಹಳೆಯ ಸಂಖ್ಯೆಯಲ್ಲಿ ಹುಡುಕಿದರೆ ಮುಂದಿನ ಕಥೆ ಸಿಗದು.

ಜನಾಂಗದ ಕಾಲಮ್ಮನ್ನೂ ಕಣ್ಣುಮುಚ್ಚಿ ನಂಬುವಂತಿಲ್ಲ. 37ನೆಯ ಗಾರ್ಡ್ಸ್ ಡಿವಿಷನ್ನಿನ ಕಮಾಂಡರರಾಗಿ 1945ರ ಮಾರ್ಚಿನಲ್ಲಿ ದಾನ್ಸಿಗ್ ಬಳಿ ಮಡಿದು, 1965ರಲ್ಲಿ ಸೋವಿಯತ್ ಒಕ್ಕೂಟದ ವೀರ ಬಿರುದು ಪಡೆದ ಜನರಲ್ ಸಾಬಿರ್ ರಹೀಮೊವ್ ಅವರು ಮೊದಲ ಉಜ್ಬೆಕ್ ಜನರಲ್ ಎಂದೇ ಪ್ರಸಿದ್ಧರು. ಆದರೂ ಅವರು ಉಜ್ಬೆಕರೋ ಕಜಾಖರೋ ಎಂಬ ವಾದ ಇಂದಿಗೂ ನಿಂತಿಲ್ಲ. ಜನರಲ್ಲರ ಪಾಡೇ ಹೀಗಾದರೆ, ಕಂಪನಿಯ ಗುಮಾಸ್ತ ಒಬ್ಬ ರೈತನ ಮುಖ ನೋಡಿ ತುಂಬಿದ ಪದಕ್ಕೆ ಎಷ್ಟು ತೂಕ ಕೊಡಬೇಕೆಂಬುದನ್ನು ಓದುಗರೇ ನಿರ್ಧರಿಸಲಿ.

ಯುದ್ಧದಿಂದ ಬದುಕಿ ಬಂದವರ ವಿಷಯದಲ್ಲಿ ಒಂದು ಒಳದಾರಿಯಿದೆ. 1985ರ ಮಾರ್ಚಿನಲ್ಲಿ, ವಿಜಯದ 40ನೆಯ ವರ್ಷಕ್ಕೆಂದು, ಆಗ ಜೀವಂತವಾಗಿದ್ದ ಯುದ್ಧ ಯೋಧರಿಗೆ ದೇಶಭಕ್ತಿ ಯುದ್ಧದ ಆರ್ಡರ್ ಕೊಡಲು ನಿರ್ಧಾರವಾಯಿತು. ಅದರ ಕಾರ್ಡುಗಳನ್ನು ಶಾಂತಿಕಾಲದಲ್ಲಿ ತುಂಬಲಾಗಿದ್ದರಿಂದ ಯುದ್ಧಕಾಲದ ಆದೇಶಗಳಲ್ಲಿಲ್ಲದ ಹುಟ್ಟೂರು ಅಲ್ಲಿ ಸಿಗುತ್ತದೆ. ನಾನೀಗ ಮೊದಲು ಆ ಕಾರ್ಡನ್ನೇ ಹುಡುಕಿ, ಅಲ್ಲಿ ಸಿಕ್ಕ ಊರನ್ನೂ ಹೆಸರಿನ ರೂಪವನ್ನೂ ಹಿಡಿದು ಹಿಂದಕ್ಕೆ, ಯುದ್ಧದ ಕಡೆಗೆ ನಡೆಯುತ್ತೇನೆ. ಮಡಿದವರಿಗೆ ಈ ದಾರಿಯಿಲ್ಲ. ಆದರೆ ನಷ್ಟದ ಪಟ್ಟಿಗಳಲ್ಲಿ ಹತ್ತಿರದ ಸಂಬಂಧಿಯ ಹೆಸರೂ ವಿಳಾಸವೂ ಇರುವುದರಿಂದ, ಎಷ್ಟೋ ಸಲ ಮಗನ ಹೆಸರು ಗುರುತು ಸಿಗದಷ್ಟು ತಿರುಚಿದ್ದರೂ ತಾಯಿಯ ಹೆಸರು ಅವನನ್ನು ಹಿಡಿದುಕೊಡುತ್ತದೆ.

ಸಂಖ್ಯೆಯ ಕಥೆಗೆ ಮರಳುವುದಾದರೆ, ಸಂಖ್ಯೆಯನ್ನು ಹೆಸರಿಗೆ ಜೋಡಿಸುವ ಕಾಗದಗಳು ಎರಡು: ಪುರಸ್ಕೃತನ ಲೆಕ್ಕದ ಕಾರ್ಡು, ಮತ್ತು ಅವನ ಕೈಗೆ ಕೊಟ್ಟ ಪುಟ್ಟ ಪುಸ್ತಕ. ‘ಧೈರ್ಯಕ್ಕಾಗಿ’ ಪದಕಕ್ಕೆ ಆಗ ತಿಂಗಳಿಗೆ 10 ರೂಬಲ್ ಸಲ್ಲುತ್ತಿತ್ತು, 1948ರ ಆರಂಭದಿಂದ ಅದು ನಿಂತಿತು. ಹಣ ಸೇರಿದ್ದರಿಂದಲೇ ಈ ಲೆಕ್ಕ ಅಷ್ಟು ಬಿಗಿಯಾಗಿ ಉಳಿಯಿತೆಂಬುದು ನನ್ನ ಊಹೆ. ‘ಜರ್ಮನಿಯ ಮೇಲಿನ ವಿಜಯಕ್ಕಾಗಿ’ ಪದಕದಂತಹವುಗಳಿಗೆ ಸಂಖ್ಯೆಯೇ ಇಲ್ಲ. ಸಂತೆಯಲ್ಲಿ ಬಿಡಿಯಾಗಿ ಸಿಕ್ಕ ಅಂಥ ಪದಕ ಯಾರದೆಂದು ಯಾವ ದಾಖಲಾಲಯವೂ ಹೇಳಲಾರದು. ಅದರ ಜೊತೆ ಹೆಸರು ಬರೆದ ಪ್ರಮಾಣಪತ್ರ ಉಳಿದಿದ್ದರೆ ಮಾತ್ರ ಅದಕ್ಕೊಬ್ಬ ಒಡೆಯ.